ಮೂರು ರೀಲು, ಎರಡು ಸೋರೆಬುರುಡೆ

ಹೊಳೆ ಹೋಗಿ ಸಮುದ್ರ ಸೇರುವ ಅಳಿವೆಯ ಬಾಯಲ್ಲಿ, ಮರಳಿನ ದಿಬ್ಬದ ಮೇಲೆ ದುರ್ಗಜ್ಜನ ಗುಡಿಸಲು.

ಅದಕ್ಕೆ ಆಶ್ರಮ ಅಂತ ಹೆಸರಿಟ್ಟವರು ಮೀನು ಒಣಗಿಸುವ ಹೆಂಗಸರು. ತಮಾಷೆಗೆ ಇಟ್ಟ ಹೆಸರು, ಹಾಗೇ ನಿಂತುಬಿಟ್ಟಿತು. ಅಜ್ಜನಿಗೆ ಗಡ್ಡವೂ ಇಲ್ಲ, ಕಾವಿಯೂ ಇಲ್ಲ. ಮೊಣಕಾಲ ಮೇಲೆ ಒಂದು ಪಂಚೆ, ಬಾಯಲ್ಲಿ ಒಂದು ಎಲೆಯಡಿಕೆಯ ಕವಳ, ಅಷ್ಟೇ.

ಗಾಳ ಹಾಕುವುದನ್ನು ಕಲಿಯಬೇಕು ಅಂತ ಬಂದವರನ್ನು ಅವನು ಎಂದೂ ತಿರುಗಿ ಕಳಿಸಲಿಲ್ಲ. ಹಾಗಂತ ಇದು ಸರಿ, ಇದು ತಪ್ಪು ಅಂತ ಬಾಯಿಬಿಟ್ಟು ಹೇಳಿದವನೂ ಅಲ್ಲ. ಮನಸ್ಸಿಗೆ ಬಂದರೆ ಒಂದು "ಹೂಂ" ಅನ್ನುತ್ತಿದ್ದ. ಆ ಒಂದು ಹೂಂಗಾಗಿ ವರ್ಷಗಟ್ಟಲೆ ಕಾದವರಿದ್ದರು.

ಒಂದು ಬೆಳಿಗ್ಗೆ ಹಮ್ಮಣ್ಣ ಬಂದ. ಹೆಗಲ ಮೇಲೆ ರಟ್ಟಿನ ಪೆಟ್ಟಿಗೆ.

"ಗುರುಗಳೇ, ಹೊರಸಮುದ್ರಕ್ಕೆ ದೊಡ್ಡ ಗೆದರೆ ಬಂದಿದೆ. ಪೇಟೆಯವರು ಟ್ಯೂನಾ ಅಂತಾರಲ್ಲ, ಅದೇ. ಒಂದೊಂದು ನನ್ನ ಎರಡರಷ್ಟು ತೂಕ."

"ಹೋದ ವರ್ಷವೂ ಬಂದಿತ್ತು," ಅಂದ ಅಜ್ಜ.

ಹಮ್ಮಣ್ಣ ತಲೆ ತಗ್ಗಿಸಿದ.

ಹೋದ ವರ್ಷದ ಕತೆ ಊರಿಗೆಲ್ಲ ಗೊತ್ತು. ಹಮ್ಮಣ್ಣ ಮತ್ತು ಅವನ ಅಣ್ಣ ಜಟ್ಟಪ್ಪ ಕೈಗಾಳ ಹಿಡಿದು ಅದೇ ಮೀನಿಗೆ ಹೋಗಿದ್ದರು. ಮೀನು ಕಚ್ಚಿತು. ದಾರ ಜಟ್ಟಪ್ಪನ ಬಲಗೈಗೆ ಸುತ್ತಿಕೊಂಡಿತು. ಮೀನು ಹೋಯಿತು, ಅದರ ಜೊತೆ ಎರಡು ಬೆರಳೂ ಹೋದವು.

ಯಾರು ಕೇಳಿದರೂ ಜಟ್ಟಪ್ಪ ಹೇಳಿದ್ದು ಒಂದೇ ಮಾತು: "ನನ್ನದೇ ಕೈತಪ್ಪು."

ಆಮೇಲೆ ಅವನು ದೋಣಿ ಹತ್ತಲಿಲ್ಲ. ದಡದಲ್ಲಿ ಕೂತು ಹರಿದ ಬಲೆ ಹೊಲಿಯುತ್ತಾನೆ. ತಮ್ಮನ ಜೊತೆ ಊಟಕ್ಕೆ ಕೂರುತ್ತಾನೆ. ಮಾತು ಮಾತ್ರ ಎಲೆಯ ತುದಿಯಲ್ಲಿಟ್ಟ ಉಪ್ಪಿನಷ್ಟು.

"ಅಣ್ಣ ಏನಂತಾನೆ?" ಅಜ್ಜ ಕೇಳಿದ.

"ಕೈಗಾಳ ಇನ್ನು ಬೇಡ ಅಂತಾನೆ. ದಾರ ಸುತ್ತುವ ರೀಲು ತಗೋ, ಆದರೆ ಗುರುಗಳು ಹೂಂ ಅಂದ ರೀಲು ಆಗಿರಬೇಕು, ಆಗ ಮಾತ್ರ ಬರ್ತೇನೆ ಅಂದ. ಇಲ್ಲಾಂದ್ರೆ ನಿನ್ನ ಜೊತೆ ಜನ್ಮದಲ್ಲಿ ದೋಣಿ ಹತ್ತೋದಿಲ್ಲ ಅಂದುಬಿಟ್ಟ."

"ಬೇರೆ ಯಾರನ್ನಾದ್ರೂ ಕರ್ಕೊಂಡು ಹೋಗು."

"ಅಣ್ಣ ಬೇಕು, ಗುರುಗಳೇ."

ಅಜ್ಜ ಕವಳ ಉಗಿದು ಬಂದು ಕೂತ. "ಪೆಟ್ಟಿಗೆ ಬಿಚ್ಚು."

ಪೇಟೆಯ ಅಂಗಡಿಯವರು ಮೂರು ರೀಲು ಕೊಟ್ಟು ಕಳಿಸಿದ್ದರು. ಒಂದನ್ನು ಇಟ್ಟುಕೊಂಡು ಎರಡನ್ನು ಹಿಂದಿರುಗಿಸಬೇಕು.

ಮೊದಲನೆಯದು ಮದುವೆ ಮನೆಯ ಬಂಗಾರದ ಹಾಗೆ ಫಳಫಳ. ಹಿಡಿಯನ್ನು ಒಂದು ಸುತ್ತು ತಿರುಗಿಸಿದರೆ ಎರಡು ಮೊಳ ದಾರ ಒಳಗೆ ಬರುತ್ತದೆ. ಎರಡನೆಯದು ಸುಲಿದ ತೆಂಗಿನಕಾಯಿಯಷ್ಟು ದಪ್ಪ. ಅದರ ಬ್ರೇಕು ಎಂಥದ್ದು ಅಂದರೆ, ಪೂರ್ತಿ ಬಿಗಿ ಮಾಡಿದರೆ ಇಬ್ಬರು ಸೇರಿ ಎಳೆದರೂ ದಾರ ಹೊರಗೆ ಬಾರದು. ಮೂರನೆಯದು ಕಪ್ಪಗೆ, ಮಂಕಾಗಿ, ಮೂಲೆಗಿಟ್ಟ ಬಾಣಲೆಯ ಹಾಗೆ ಕೂತಿತ್ತು.

"ನೀ ಯಾವುದನ್ನು ಮೆಚ್ಚಿದೆ?"

ಹಮ್ಮಣ್ಣ ದಪ್ಪ ರೀಲನ್ನು ಎತ್ತಿ ಹಿಡಿದ. "ಇದು. ಇದರ ಬಿಗಿಗೆ ಒಂದು ಗೇಣು ದಾರವೂ ಹೊರಗೆ ಹೋಗೋದಿಲ್ಲ."

"ಒಂದು ಗೇಣೂ ಹೋಗಬಾರದು ಅಂತಾದ್ರೆ ಒಂದು ಗೂಟ ಸಾಕಲ್ಲ ಮಾರಾಯ. ರೀಲು ಎಂತಕ್ಕೆ?"

ಅಷ್ಟು ಹೇಳಿ ಅಜ್ಜ ಎದ್ದು ಗಂಜಿ ಬೇಯಿತೋ ಇಲ್ಲವೋ ನೋಡಲು ಒಳಗೆ ಹೋದ.

ಹಮ್ಮಣ್ಣ ದಾರಿಯುದ್ದಕ್ಕೂ ಆ ಗೂಟವನ್ನೇ ನೆನೆಯುತ್ತ ಮನೆಗೆ ಹೋದ.

ಮರುದಿನ ಬೆಳಿಗ್ಗೆ ಬಂದವನು ಬಂಗಾರದ ರೀಲನ್ನು ಮುಂದಿಟ್ಟ.

"ಇದು, ಗುರುಗಳೇ. ಬೇಗ ಸುತ್ತುತ್ತದೆ. ಮೀನು ಉಸಿರು ತಗೊಳ್ಳೋದರೊಳಗೆ ದೋಣಿಯ ಹತ್ತಿರ."

"ಬರ್ತೇನೆ ಅಂತ ಮೀನು ಒಪ್ಪಿದ ಮೇಲೆ ಅಲ್ವಾ ಸುತ್ತೋದು?"

"ಹೌದು."

"ಒಪ್ಪೋ ತನಕ?"

ಹಮ್ಮಣ್ಣ ರೀಲಿನ ಹಿಡಿಯನ್ನು ಸುಮ್ಮನೆ ಒಂದು ಸುತ್ತು ತಿರುಗಿಸಿದ.

"ಸೊಂಟಕ್ಕೆ ಟವೆಲು ಬಿಗಿದುಕೋ," ಅಂದ ಅಜ್ಜ. "ಇವತ್ತು ನೀನು ಗೆದರೆ."

ಅಜ್ಜ ಗಾಳದ ಕೋಲಿಗೆ ದಪ್ಪ ರೀಲು ಸಿಕ್ಕಿಸಿದ. ಮರಳಿನಲ್ಲಿ ಕಾಲು ಹೂತು ಕೂತ. ದಾರದ ತುದಿಯನ್ನು ಹಮ್ಮಣ್ಣನ ಸೊಂಟದ ಟವೆಲಿಗೆ ಕಟ್ಟಿದ. ಬ್ರೇಕನ್ನು ಕೊನೆಯ ತನಕ ತಿರುಗಿಸಿದ.

"ಓಡು."

ಹಮ್ಮಣ್ಣ ಓಡಿದ. ನಾಲ್ಕು ಹೆಜ್ಜೆ ಹೋಗಿರಬೇಕು. ಟಪ್ ಅಂತ ಸೊಂಟ ಹಿಂದೆ ಉಳಿಯಿತು, ತಲೆ ಮುಂದೆ ಹೋಯಿತು, ಬಾಯಿ ತುಂಬ ಮರಳು. ಆ ಕಡೆ ಅಜ್ಜನೂ ಕೋಲಿನ ಜೊತೆ ಮಕಾಡೆ.

ಮೀನು ಹರವುತ್ತಿದ್ದ ಹೆಂಗಸರು ಕೆಲಸ ಬಿಟ್ಟು ನಿಂತರು. ಅವರಲ್ಲಿ ಹೊನ್ನಕ್ಕನ ಬಾಯಿ ದೊಡ್ಡದು.

"ಏನೋ ಹಮ್ಮಣ್ಣಾ, ಗಾಳಕ್ಕೆ ನೀನೇ ಸಿಕ್ಕಿದ್ಯಾ? ಬುಟ್ಟಿ ತರ್ಲಾ, ಉಪ್ಪು ತರ್ಲಾ?"

"ಬೇಡ ಹೊನ್ನಕ್ಕ, ಬಡಕಲು ಮೀನು," ಅಂತ ಅಜ್ಜ ಮರಳು ಕೊಡವಿಕೊಂಡು ಎದ್ದ. "ಇದನ್ನು ಒಣಗಿಸಿದ್ರೆ ಮುಳ್ಳು ಮಾತ್ರ ಉಳಿದೀತು."

ಹೆಂಗಸರು ಬಿದ್ದು ಬಿದ್ದು ನಕ್ಕರು. ಹಮ್ಮಣ್ಣ ಕಿವಿ ಕೆಂಪು ಮಾಡಿಕೊಂಡು ನಿಂತ.

ಎರಡನೇ ಸಲ ಬಂಗಾರದ ರೀಲು. ಈ ಸಲ ಅಜ್ಜ ಬ್ರೇಕನ್ನು ಅರ್ಧಕ್ಕೆ ಇಟ್ಟ. ಹಮ್ಮಣ್ಣ ಓಡಿದ. ದಾರ ಹೊರಟಿತು, ಹಿಡಿಯಿತು, ಮತ್ತೆ ಹೊರಟಿತು, ಮತ್ತೆ ಹಿಡಿಯಿತು. ಹೊಸ ಸೊಸೆ ಹಗ್ಗ ಹಿಡಿದು ಎಳೆಯುವ ಮೊಂಡು ಎಮ್ಮೆಯ ಹಾಗೆ. ಪ್ರತಿ ಸಲ ಹಿಡಿದಾಗಲೂ ಸೊಂಟಕ್ಕೆ ಒಂದು ಜಗ್ಗು. ಹಮ್ಮಣ್ಣನಿಗೆ ಸಿಟ್ಟು ಬಂತು. ಸಿಟ್ಟಿನಲ್ಲಿ ಇನ್ನೂ ಜೋರಾಗಿ ಓಡಿದ. ಪಟ್ ಅಂತ ದಾರ ಕಡಿಯಿತು.

"ಎಂತಕ್ಕೆ ಅಷ್ಟು ಜೋರು ಓಡಿದೆ?"

"ಜಗ್ಗಿದಾಗಲೆಲ್ಲ ರೋಷ ಬಂತು, ಗುರುಗಳೇ."

"ಮುಟ್ಟು." ಅಜ್ಜ ರೀಲನ್ನು ಚಾಚಿದ. ಹಮ್ಮಣ್ಣ ಮುಟ್ಟಿ ಕೈ ಹಿಂದೆ ತೆಗೆದ. ದೋಸೆ ಹೊಯ್ಯುವ ಕಾವಲಿಯಷ್ಟು ಕಾದಿತ್ತು.

ಮೂರನೇ ಸಲ ಕಪ್ಪು ರೀಲು. ಬ್ರೇಕು ಅರ್ಧಕ್ಕೇ.

ಹಮ್ಮಣ್ಣ ಓಡಿದ. ಜಗ್ಗು ಬರುತ್ತದೆ ಅಂತ ಕಾದ. ಬರಲಿಲ್ಲ. ಬೆನ್ನಿಗೆ ಯಾರೋ ಮೆತ್ತಗೆ ಒರಗಿದ ಹಾಗೆ ಒಂದು ಭಾರ, ಓಡಿದಷ್ಟೂ ಅದೇ ಭಾರ. ಹೆಚ್ಚಲಿಲ್ಲ, ಇಳಿಯಲಿಲ್ಲ. ನೂರು ಮಾರು ಓಡಿದ, ಇನ್ನೂರು ಮಾರು ಓಡಿದ. ಸಿಟ್ಟು ಮಾಡಿಕೊಳ್ಳಲು ಏನೂ ಸಿಗಲಿಲ್ಲ. ಕಾಲು ತಾನಾಗಿ ನಿಧಾನವಾಯಿತು. ಮರಳಿನಲ್ಲಿ ಕೂತುಬಿಟ್ಟ.

ತಿರುಗಿ ನೋಡಿದರೆ ದೂರದಲ್ಲಿ ಅಜ್ಜ ರೀಲಿನ ಪಕ್ಕದ ಗುಂಡಿ ಒತ್ತಿ ಸುತ್ತಿನ ವೇಗ ಇಳಿಸಿ, ಬಾವಿಯಿಂದ ನೀರು ಸೇದುವವರ ಹಾಗೆ ಮೆಲ್ಲಗೆ ಹಿಡಿ ತಿರುಗಿಸುತ್ತಿದ್ದ. ಒಂದು ಸುತ್ತಿಗೆ ಒಂದು ಗೇಣು. ಹಮ್ಮಣ್ಣ ಎದ್ದು ಆ ದಾರದ ಹಿಂದೆ ನಡೆದು ಬಂದ. ಎಳೆದದ್ದಕ್ಕೆ ಬಂದನೋ, ಬರಬೇಕು ಅನ್ನಿಸಿ ಬಂದನೋ ಅವನಿಗೇ ತಿಳಿಯಲಿಲ್ಲ.

"ಇದೇ ರೀಲು, ಗುರುಗಳೇ!" ಅಂದ. "ಹಿಡಿಯೋದರಲ್ಲಿ ಅಲ್ಲ, ಬಿಡೋದರಲ್ಲಿ ಇದೆ ಇದರ ಗುಟ್ಟು. ಗೊತ್ತಾಯ್ತು ನಂಗೆ. ಇದಕ್ಕೆ ಹೂಂ ಅನ್ನಿ."

"ನಾನು ಇನ್ನೂ ರೀಲಿನ ಮಾತು ಶುರು ಮಾಡಲಿಲ್ಲ," ಅಂದ ಅಜ್ಜ.

ಹಮ್ಮಣ್ಣನ ಮುಖ ಬಾಡಿತು.

"ದಾರ ಪೂರ್ತಿ ಬಿಡು. ಬುಡ ನೋಡೋಣ."

ಹಮ್ಮಣ್ಣ ದಾರ ಹಿಡಿದು ಸಮುದ್ರದ ಅಂಚಿನಲ್ಲಿ ನಡೆದ. ನಾನೂರು ಮಾರು ದಾರ. ಅವನು ಇರುವೆಯಷ್ಟು ಸಣ್ಣಗೆ ಕಾಣುವಾಗ ಅದು ಮುಗಿಯಿತು. ತಿರುಗಿ ಬಂದು ನೋಡಿದರೆ ಅಜ್ಜ ರೀಲಿನ ಹೊಟ್ಟೆಯನ್ನು ಬಿಸಿಲಿಗೆ ಹಿಡಿದು ಕೂತಿದ್ದ. ಅಲ್ಲಿ, ದಾರದ ಬುಡದಲ್ಲಿ, ಒಂದರ ಮೇಲೊಂದು ಮೂರು ಗಂಟು. ಕಲ್ಲಿನ ಹಾಗೆ.

"ಇದು ಅಂಗಡಿಯವರ ಗಂಟಲ್ಲ."

"ನಾನೇ ಹಾಕಿದ್ದು. ಮೂರೂ ರೀಲಿಗೆ ಹಾಕಿದ್ದೇನೆ."

"ಎಂತಕ್ಕೆ?"

"ಏನಾದ್ರೂ ಬಿಚ್ಚಬಾರದು ಅಂತ."

"ದಾರ ಮುಗಿದ ಮೇಲೂ ಮೀನು ನಿಲ್ಲದಿದ್ರೆ?"

"ನಿಲ್ಲಲೇಬೇಕು."

"ಮೀನಿಗೆ ಹೇಳಿದ್ದೀಯಾ?"

ಹೊನ್ನಕ್ಕ ದೂರದಿಂದ ಕಿಸಕ್ಕೆಂದಳು. ಹಮ್ಮಣ್ಣ ನಗಲಿಲ್ಲ.

ಅಜ್ಜ ಆ ಗಂಟುಗಳ ಮೇಲೆ ಬೆರಳಾಡಿಸಿದ. ಆಮೇಲೆ ಮೆತ್ತಗೆ ಕೇಳಿದ:

"ಹೋದ ವರ್ಷ ನಿಮ್ಮ ದೋಣಿಯ ಬುರುಡೆ ಏನಾಯ್ತು?"

ಆ ದಡದ ಕೈಗಾಳದವರಲ್ಲಿ ಒಂದು ರೂಢಿಯಿದೆ. ದಾರದ ಬುಡವನ್ನು ದೋಣಿಗೆ ಕಟ್ಟುವುದಿಲ್ಲ, ಮೈಗೂ ಕಟ್ಟುವುದಿಲ್ಲ. ಒಣಗಿದ ಸೋರೆಬುರುಡೆಗೆ ಕಟ್ಟುತ್ತಾರೆ. ಮೀನು ದಾರವನ್ನೆಲ್ಲ ಎಳೆದುಕೊಂಡಿತು ಅಂದರೆ ಬುರುಡೆಯನ್ನು ನೀರಿಗೆ ಎಸೆದುಬಿಡುವುದು. ಬುರುಡೆ ಮುಳುಗುತ್ತದೆ, ಏಳುತ್ತದೆ, ಅದರ ಹಿಂದೆ ದೋಣಿ. ಮೀನು ಸಿಕ್ಕೀತು, ಸಿಗದೆಯೂ ಹೋದೀತು. ದೋಣಿ ಮಾತ್ರ ಮನೆಗೆ ಬರುತ್ತದೆ.

ಹಮ್ಮಣ್ಣ ಮರಳನ್ನು ನೋಡುತ್ತ ನಿಂತ.

"ಕೊಯ್ದು ಬಿಸಾಕಿದ್ದೆ."

"ಯಾರು?"

"ನಾನು. ಅಣ್ಣನಿಗೆ ಕಾಣದ ಹಾಗೆ. ಹೊರಡೋ ಮೊದಲೇ ಸೋಲಿಗೆ ಮಣೆ ಹಾಕಿ ಕೂರಿಸಿದ ಹಾಗೆ ಕಾಣ್ತಿತ್ತು ಆ ಬುರುಡೆ. ದಾರದ ಬುಡವನ್ನು ದೋಣಿಯ ಅಡ್ಡಹಲಗೆಗೆ ಕಟ್ಟಿದೆ. ಮೂರು ಗಂಟು."

ಅಜ್ಜ ರೀಲನ್ನು ಮಡಿಲಲ್ಲಿ ಇಟ್ಟುಕೊಂಡ.

"ದಾರ ಮುಗೀತು. ದೋಣಿಯ ಮೂತಿ ನೀರಿಗೆ ಇಳೀತು. ಅಣ್ಣ ಬುರುಡೆ ಎಸೆಯೋಕೆ ಕೈ ಹಾಕಿದ, ಬುರುಡೆ ಇಲ್ಲ. ಗಂಟು ಬಿಚ್ಚೋಕೆ ಹೋದ. ನಾನು ಬಿಡಬೇಡ, ಬಿಡಬೇಡ ಅಂತ ಕೂಗಿದೆ. ಅವನು ಒಂದು ಗಳಿಗೆ ನನ್ನ ಕಡೆ ತಿರುಗಿದ. ಅಷ್ಟರಲ್ಲಿ ದಾರ ಕೈಗೆ ಸುತ್ತಿಕೊಂಡಿತ್ತು."

"ನನ್ನದೇ ಕೈತಪ್ಪು ಅಂತ ಅವನು ಹೇಳ್ತಾ ಬಂದ."

"ಹೌದು."

"ನೀನು?"

"ಹೌದು ಹೌದು ಅಂತ ಕೇಳ್ತಾ ಬಂದೆ."

ಅಲೆ ಬಂತು, ಹೋಯಿತು. ಅಜ್ಜ ಎದ್ದು ಗುಡಿಸಲ ಮಾಡಿನ ಸಂದಿಯಿಂದ ಎರಡು ಒಣ ಸೋರೆಬುರುಡೆ ತೆಗೆದ. ಹೊಗೆ ಹಿಡಿದು ಕಂದಾಗಿದ್ದವು. ಎರಡನ್ನೂ ಹಳೇ ಬಲೆಯ ಚೂರಿಗೆ ಹಾಕಿ ಹಮ್ಮಣ್ಣನ ಕೈಗೆ ಕೊಟ್ಟ.

"ಇದನ್ನು ಕೋಲಿನ ಬುಡಕ್ಕೆ ಕಟ್ಟು. ದಾರ ಮುಗಿದರೆ ಕೋಲು, ರೀಲು, ಬುರುಡೆ, ಎಲ್ಲ ಒಟ್ಟಿಗೆ ನೀರಿಗೆ."

"ರೀಲನ್ನೇ ಎಸೆಯೋದಾ? ಇಷ್ಟು ಒಳ್ಳೇ ರೀಲನ್ನ?"

"ಎಸೆಯೋಕೆ ಕೈ ಬರದ ರೀಲು ಗೂಟವೇ, ತಮ್ಮಾ."

"ಹಾಗಾದ್ರೆ ಈಗ ಹೂಂ ಅಂತೀರಾ?"

ಅಜ್ಜ ಅನ್ನಲಿಲ್ಲ. ಕವಳದ ಸಂಚಿ ಹುಡುಕುವವನ ಹಾಗೆ ಬೆನ್ನು ತಿರುಗಿಸಿದ.

ಜಟ್ಟಪ್ಪ ಮನೆಯ ಅಂಗಳದಲ್ಲಿ ಬಲೆ ಹೊಲಿಯುತ್ತಿದ್ದ. ಬಲಗೈಯಲ್ಲಿ ಮೂರು ಬೆರಳು. ಆ ಮೂರರಲ್ಲೇ ಸೂಜಿ ಹಿಡಿಯುವುದನ್ನು ಕಲಿತಿದ್ದ.

ಹಮ್ಮಣ್ಣ ಬುರುಡೆಗಳನ್ನು ಅವನ ಮುಂದಿಟ್ಟು ನೆಲದ ಮೇಲೆ ಕೂತ.

"ಅಣ್ಣ, ಬುರುಡೆ ಕೊಯ್ದವನು ನಾನು."

ಸೂಜಿ ನಿಂತಿತು.

"ಬೇರೆಯವರ ದೋಣಿ ತಾಗಿ ಬುರುಡೆ ಉದುರಿತು, ನೀರಲ್ಲಿ ಹೋಯಿತು, ಹೀಗೆ ಏನೇನೋ ಹೇಳೋಣ ಅಂತಿದ್ದೆ, ನೀನು ಕೇಳಿದ್ರೆ. ನೀನು ಕೇಳಲೇ ಇಲ್ಲ. ಕೊಯ್ದವನು ನಾನು. ಕೂಗಿದವನೂ ನಾನು."

ಜಟ್ಟಪ್ಪ ಸೂಜಿಯನ್ನು ಬಲೆಗೆ ಚುಚ್ಚಿಟ್ಟ. ಅಂಗಳದಲ್ಲಿ ಒಂದು ಕೋಳಿ ಕೆದಕುತ್ತಿತ್ತು, ಅದನ್ನೇ ನೋಡಿದ.

"ಇದನ್ನು ಹೇಳೋಕೆ ಒಂದು ವರ್ಷ ಬೇಕಾಯ್ತಾ?"

"ಆಯ್ತು, ಅಣ್ಣ."

"ಗಂಟು ನಾನೇ ನೋಡಿದ್ದೆನಲ್ಲೋ. ನೀ ಹಾಕೋ ಗಂಟು ನಂಗೆ ಗೊತ್ತಾಗಲ್ವಾ? ಅದನ್ನು ನಿನಗೆ ಕಲಿಸಿದವನು ಯಾರು?"

ಹಮ್ಮಣ್ಣನ ಕಣ್ಣು ತುಂಬಿ ಬಂತು. ಒರೆಸಿಕೊಳ್ಳಲು ಹೋಗಿ ಟವೆಲಿನ ಮರಳು ಕಣ್ಣಿಗೆ ಬಿತ್ತು.

"ಗುರುಗಳು ಹೂಂ ಅಂದ್ರಾ?"

"ಇಲ್ಲ. ಕೇಳಿದೆ. ಅನ್ನಲಿಲ್ಲ."

ಜಟ್ಟಪ್ಪ ಬುರುಡೆಯ ಹಗ್ಗವನ್ನು ಮೂರು ಬೆರಳಲ್ಲಿ ಎಳೆದು ನೋಡಿದ. "ಇದು ಸಡಿಲ. ಕೊಡು ಇಲ್ಲಿ, ನಾನು ಕಟ್ಟುತ್ತೇನೆ. ನಾಳೆ ಬೆಳಕು ಹರಿಯುವಾಗ ಹೊರಡೋಣ."

"ಅವರು ಹೂಂ ಅಂದ್ರೆ ಮಾತ್ರ ಬರ್ತೇನೆ ಅಂದಿದ್ದೆಯಲ್ಲ?"

"ಅಂದಿದ್ದೆ," ಅಂದ ಜಟ್ಟಪ್ಪ. "ನೀನಾಗಿ ಬಾಯಿಬಿಡೋ ತನಕ ಬೇರೆ ಎಂತ ಅನ್ನಬೇಕಿತ್ತು ನಾನು?"

ಬೆಳಕು ಹರಿಯುವಾಗ ಅಣ್ಣ ತಮ್ಮ ಅಳಿವೆ ದಾಟಿದರು. ಜಟ್ಟಪ್ಪ ಚುಕ್ಕಾಣಿಗೆ, ಹಮ್ಮಣ್ಣ ಕೋಲಿಗೆ. ದೋಣಿಯ ತುಂಬ ಡಬ್ಬಿ, ಬುತ್ತಿ, ಗಾಳಕ್ಕೆ ಜೀವಂತ ಬಂಗಡೆ. ಹಮ್ಮಣ್ಣನ ಕಾಲ ಬುಡದಲ್ಲಿ ಎರಡು ಬುರುಡೆ.

ದಡ ಕಣ್ಣಿಗೆ ಮರೆಯಾಗಿ ಎಷ್ಟೋ ಹೊತ್ತಾದ ಮೇಲೆ ಮೀನು ಕಚ್ಚಿತು.

ಕಪ್ಪು ರೀಲು ಒಂದೇ ಉಸಿರಲ್ಲಿ ಹಾಡತೊಡಗಿತು. ತಡವರಿಸಲಿಲ್ಲ, ಬಿಸಿಯಾಗಲಿಲ್ಲ. ನೂರು ಮಾರು ಹೋಯಿತು. ಇನ್ನೂರು. ಜಟ್ಟಪ್ಪ ದೋಣಿಯನ್ನು ಮೀನಿನ ಹಿಂದೆ ಓಡಿಸಿದ. ಮುನ್ನೂರು. ಹಮ್ಮಣ್ಣ ಮೊಣಕಾಲು ಊರಿ ಬೇಡಿಕೊಂಡ, ನಿಲ್ಲು ತಾಯಿ, ನಿಲ್ಲು. ಅದು ನಿಲ್ಲುವ ಮೀನಲ್ಲ.

ರೀಲಿನ ಹೊಟ್ಟೆ ಬರಿದಾಗುತ್ತ ಬಂತು. ದಾರದ ಸಂದಿಯಲ್ಲಿ ಬುಡದ ಗಂಟು ಕಂಡಿತು. ಈಗ ಅಲ್ಲಿ ಒಂದೇ ಗಂಟು.

ಹಮ್ಮಣ್ಣ ಎಸೆದ.

ಸಂಜೆ ಬಿಸಿಲು ಇಳಿಯುವ ಮುಂಚೆ ಇಬ್ಬರೂ ದುರ್ಗಜ್ಜನ ಗುಡಿಸಲ ಮುಂದೆ ನಿಂತಿದ್ದರು. ಹಮ್ಮಣ್ಣನ ಕೈಯಲ್ಲಿ ಉಪ್ಪುನೀರು ಸೋರುವ ಕೋಲು, ರೀಲು. ಬುರುಡೆ ಜಟ್ಟಪ್ಪನ ಹೆಗಲ ಮೇಲೆ.

"ಮೀನು ಎಲ್ಲಿ?" ಅಜ್ಜ ಕೇಳಿದ.

"ಹೋಯ್ತು," ಅಂದ ಹಮ್ಮಣ್ಣ. "ಬುರುಡೆ ಹಿಂದೆ ಮಧ್ಯಾಹ್ನದ ತನಕ ಹೋದ್ವಿ. ಮುಳುಗಿತು, ಎದ್ದಿತು, ಮುಳುಗಿತು. ಕೊನೆಗೆ ನೀರ ಮೇಲೆ ಸುಮ್ಮನೆ ಕೂತಿತ್ತು. ಕೋಲು ಎತ್ತಿದೆ. ಮೀನು ಇನ್ನೂ ಇತ್ತು, ಗುರುಗಳೇ! ಮೆಲ್ಲಗೆ ಸುತ್ತಿದೆ. ಒಂದು ಗೇಣು, ಒಂದು ಗೇಣು. ದೋಣಿಯ ಪಕ್ಕಕ್ಕೇ ಬಂತು. ಬೆನ್ನು ಕಡುನೀಲಿ, ಹೊಟ್ಟೆ ಬೆಳಗಿದ ಹಂಡೆಯ ಹಾಗೆ. ನಮ್ಮನ್ನು ನೋಡಿತು. ಗಾಳ ಸೆಟೆದು ನೆಟ್ಟಗಾಯ್ತು. ಹೋಯ್ತು."

"ನೀವು ನೋಡಿದ್ರಾ ಅದನ್ನ?"

"ಇಬ್ಬರೂ ನೋಡಿದ್ವಿ."

ಅಜ್ಜ ಹಮ್ಮಣ್ಣನ ಎರಡೂ ಕೈ ಹಿಡಿದು, ಅಂಗೈ ಮೇಲೆ ಮಾಡಿ, ಬೆರಳುಗಳನ್ನು ಒಂದೊಂದಾಗಿ ಮುಟ್ಟಿದ. ಆಮೇಲೆ ಜಟ್ಟಪ್ಪನ ಬಲಗೈ ಹಿಡಿದು ಅದನ್ನೂ ಹಾಗೇ ಮುಟ್ಟಿದ.

"ಎಸೆದವರು ಯಾರು?"

"ನಾನು," ಅಂದ ಹಮ್ಮಣ್ಣ.

"ಈ ಸಲ ಬಿಡಬೇಡ ಅಂತ ಯಾರೂ ಕೂಗಲಿಲ್ವಾ?"

ಹಮ್ಮಣ್ಣ ಅಣ್ಣನ ಕಡೆ ನೋಡಿದ.

ಜಟ್ಟಪ್ಪ ಕುತ್ತಿಗೆ ತುರಿಸಿಕೊಂಡ. "ನಾನು ಕೂಗಿದೆ, ಗುರುಗಳೇ."

"ನೀನಾ?"

"ನಾನೇ. ಅಷ್ಟು ದೊಡ್ಡ ಮೀನು ನೀರಿಂದ ಮೇಲೆ ಹಾರಿದ್ದು ನೋಡಿ ಬಾಯಿಗೆ ಬಂದುಬಿಡ್ತು. ಬಿಡಬೇಡವೋ, ಬಿಡಬೇಡವೋ ಅಂತ ಗಂಟಲು ಹರಿಯೋ ಹಾಗೆ ಕೂಗಿದೆ. ಇವನು ನನ್ನ ಮಾತು ಕೇಳಲೇ ಇಲ್ಲ. ಎತ್ತಿ ಎಸೆದೇಬಿಟ್ಟ."

ಹೇಳುತ್ತ ಹೇಳುತ್ತ ಜಟ್ಟಪ್ಪನಿಗೆ ನಗು ಬಂತು. ಒಂದು ವರ್ಷದಿಂದ ಒಳಗೇ ಇದ್ದ ನಗು, ಕೆಮ್ಮಿನ ಜೊತೆ, ಕಣ್ಣೀರಿನ ಜೊತೆ ಹೊರಗೆ ಬಂತು. ಹಮ್ಮಣ್ಣನಿಗೂ ತಡೆಯಲಾಗಲಿಲ್ಲ. ಅಣ್ಣನ ಹೆಗಲು ಹಿಡಿದುಕೊಂಡು ನಕ್ಕ. ಮೀನು ಕಟ್ಟುತ್ತಿದ್ದ ಹೊನ್ನಕ್ಕ ತಲೆ ಎತ್ತಿ, "ಬರೀ ಕೈಯಲ್ಲಿ ಬಂದು ಎಂತ ನಗು ನಿಮ್ಮದು?" ಅಂದಳು.

ನಗು ಇಳಿಯುವ ತನಕ ಅಜ್ಜ ಕಾದ. ಆಮೇಲೆ ಒಳಗಿನಿಂದ ಒಂದು ಚಾಪೆ ತಂದು ಮರಳಿನ ಮೇಲೆ ಹಾಸಿದ.

"ಹೂಂ," ಅಂದ. "ಕೂತ್ಕೊಳ್ಳಿ ಇಬ್ಬರೂ. ಈಗ ರೀಲಿನ ಮಾತು ಆಡೋಣ."